ಗೈಡಿನ ತಾರೀಕು

ನನಗೆ ಸಿಟ್ಟು ಬೇಗ ಬರುತ್ತೆ. ನಮ್ಮವ್ವ ಹೇಳ್ತಿದ್ದಳು, ಗಂಡ ಹೇಳ್ತಾನೆ, ಈಗ ಬಿ.ಪಿ. ನೋಡೋ ಡಾಕ್ಟರೂ ಹೇಳ್ತಾರೆ. ಮನುಷ್ಯರ ಮೇಲಿನ ಸಿಟ್ಟು ನಾಲ್ಕು ದಿನಕ್ಕೆ ಇಳಿದುಹೋಗುತ್ತೆ, ಅದು ಬೇರೆ ಮಾತು. ಆದರೆ ಒಂದು ಕಂಪ್ಯೂಟರ್ ಕಮಾಂಡಿನ ಮೇಲೆ ಇಷ್ಟು ವರ್ಷ ಸಿಟ್ಟು ಇಟ್ಟುಕೊಂಡು ಕೂತಿರೋ ಹೆಂಗಸು ಚಿತ್ರದುರ್ಗ ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು. ಆ ಕಮಾಂಡಿನ ಹೆಸರು ಡೇಟ್. ಕೀಬೋರ್ಡಿನಲ್ಲಿ ಹೊಡೆದರೆ ಇವತ್ತಿನ ವಾರ, ತಾರೀಕು, ಗಂಟೆ ತೋರಿಸುತ್ತೆ. ಇಡೀ ಲಿನಕ್ಸಿನಲ್ಲಿ ಅದಕ್ಕಿಂತ ಸುಲಭದ್ದು ಇನ್ನೊಂದಿಲ್ಲ. ನನ್ನ ಕೆಲಸ ನುಂಗಿದ್ದು ಅದೇ.

ಮೊದಲಿಂದ ಹೇಳ್ತೀನಿ. ನಮ್ಮದು ಶ್ರೀರಾಂಪುರದ ಕಡೆಯ ಹಳ್ಳಿ. ಅಪ್ಪ ಕುರಿ ಸಾಕಿದ್ದ, ಒಂದಿಷ್ಟು ಹೊಲ ಇತ್ತು. ಪಿ.ಯು.ಸಿ. ಮುಗಿಸಿದ ಮೇಲೆ ಮನೇಲಿ ಸುಮ್ಮನೆ ಕೂರೋದು ನನ್ನ ಕೈಲಿ ಆಗಲಿಲ್ಲ. ಹೊಸದುರ್ಗದ ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಸೇರಿದೆ. ಕನ್ನಡ, ಇಂಗ್ಲಿಷ್ ಎರಡೂ ಸೀನಿಯರ್ ಪಾಸಾದೆ, ಆಮೇಲೆ ಅಲ್ಲೇ ಹುಡುಗರಿಗೆ ಹೇಳಿಕೊಡೋ ಕೆಲಸಕ್ಕೆ ನಿಂತೆ. ಕೀಲಿಮಣೆ ನೋಡದೆ ಹೊಡೆಯೋದು ನನಗೆ ನೀರು ಕುಡಿದಷ್ಟು ಸಲೀಸು. ತೊಂಬತ್ತರ ದಶಕದ ನಡುವಿನಲ್ಲಿ ಇನ್‌ಸ್ಟಿಟ್ಯೂಟಿನ ಯಜಮಾನರು ಎಲ್ಲಿಂದಲೋ ಒಂದು ಕಂಪ್ಯೂಟರ್ ತಂದರು. ಮದುವೆ ಕಾರ್ಡು, ಕರಪತ್ರ, ಪಂಚಾಯ್ತಿ ಅರ್ಜಿ, ಎಲ್ಲ ಅದರಲ್ಲೇ.

ಲಿನಕ್ಸ್ ಅಂದ್ರೆ ವಿಂಡೋಸ್ ಥರ ಕಂಪ್ಯೂಟರ್ ನಡೆಸೋ ಇನ್ನೊಂದು ವ್ಯವಸ್ಥೆ, ನನಗೆ ಅದು ಸಿಕ್ಕಿದ್ದು ಒಂದು ಕಂಪ್ಯೂಟರ್ ಪತ್ರಿಕೆ ಜೊತೆ ಪುಕ್ಕಟೆ ಬಂದ ಸೀಡಿಯಲ್ಲಿ. ಯಜಮಾನರು ಮಡದಕೆರೆಗೆ ಯಾವುದೋ ಗೃಹಪ್ರವೇಶಕ್ಕೆ ಹೋಗಿದ್ದ ದಿನ ಅದನ್ನ ಒಳಗೆ ತುರುಕಿದೆ. ಅದು ಏನೇನೋ ಕೇಳ್ತು, ನಾನು ಎಲ್ಲದಕ್ಕೂ ಎಸ್ ಅಂದೆ. ಸಂಜೆ ಹೊತ್ತಿಗೆ ಹಳೇದೆಲ್ಲ ಅಳಿಸಿಹೋಗಿ ಕಪ್ಪು ಪರದೆ ಮೇಲೆ ಒಂದು ಗೆರೆ ಮಿಣಮಿಣ ಅಂತಿತ್ತು. ಇಡೀ ಮದುವೆ ಸೀಸನ್ನಿನ ಕಾರ್ಡುಗಳು ಅದರಲ್ಲಿದ್ದವು. ಯಜಮಾನರು ಬಂದವರೇ ತಲೆ ಮೇಲೆ ಕೈ ಹೊತ್ತು ಕೂತರು.

“ಏನವ್ವಾ ತಾಯಿ, ಮದುವೆ ಮನೆಯೋರಿಗೆ ನಾನೇನು ಹೇಳ್ಲಿ?” ಅಂದರು.

“ಎಲ್ಲ ಮತ್ತೆ ಹೊಡೆದುಕೊಡ್ತೀನಿ ಬಿಡ್ರಿ,” ಅಂದೆ. ಹೊಡೆದುಕೊಟ್ಟೆ ಕೂಡ. ಹಳೇ ರೆಮಿಂಗ್ಟನ್ ಟೈಪ್‌ರೈಟರಿನಲ್ಲಿ ಸ್ಟೆನ್ಸಿಲ್ ಕಟ್ ಮಾಡಿ ಒಂದೊಂದಾಗಿ ತಯಾರು ಮಾಡಿದೆ. ಬೆರಳು ಊದಿಕೊಂಡವು. ಆದರೆ ಆ ಮಿಣಮಿಣ ಗೆರೆ ನನ್ನನ್ನ ಬಿಡಲಿಲ್ಲ. ಬರೀ ಟೈಪ್ ಮಾಡಿಯೇ ಮೆಷಿನ್ನಿಗೆ ಕೆಲಸ ಹೇಳಬಹುದು ಅನ್ನೋದು ನನ್ನಂಥವಳಿಗೆ ಹಬ್ಬದೂಟ. ಯಾರನ್ನಾದರೂ ಕೇಳೋಣ ಅಂದ್ರೆ ಇಡೀ ಹೊಸದುರ್ಗದಲ್ಲಿ ಗೊತ್ತಿದ್ದೋರು ಒಬ್ಬರೂ ಇರಲಿಲ್ಲ. ಕೆಡಿಸಬೇಕು, ಮತ್ತೆ ಸರಿ ಮಾಡಬೇಕು. ಎಷ್ಟು ಸಲ ಕೆಡಿಸಿದೆ ಅನ್ನೋದು ಆ ಶಿವನಿಗೇ ಗೊತ್ತು. ಒಂದು ಸಲ ಹೋದ ಕಡೆ ಎರಡನೇ ಸಲ ತಪ್ಪು ದಾರಿ ಹಿಡೀತಿರಲಿಲ್ಲ, ಅಷ್ಟೇ ನನ್ನ ವಿದ್ಯೆ. ಕಮಾಂಡಿನ ಹೆಸರು ಕೇಳಿದರೆ ಬಾಯಿಗೆ ಬರ್ತಿರಲಿಲ್ಲ, ಬೆರಳಿಗೆ ಬರ್ತಿತ್ತು.

ಮದುವೆ ಆಯ್ತು. ಗಂಡ ಚಿಕ್ಕಜಾಜೂರು ರೈಲ್ವೆ ಸ್ಟೇಷನ್ನಿನಲ್ಲಿ ಪಾಯಿಂಟ್ಸ್‌ಮನ್, ಹಳಿ ಬದಲಿಸೋ ಕೆಲಸ. ಹೊಳಲ್ಕೆರೆಯಲ್ಲಿ ಮನೆ ಮಾಡಿದೆವು. ಅಲ್ಲಿಂದ ನಾನು ದಿನಾ ಬಸ್ಸಿನಲ್ಲಿ ಚಿತ್ರದುರ್ಗದ ಒಂದು ಖಾಸಗಿ ಕಾಲೇಜಿಗೆ ಹೋಗ್ತಿದ್ದೆ, ಆಫೀಸಿನಲ್ಲಿ ಟೈಪಿಸ್ಟು, ಟೆಂಪರರಿ. ಅಷ್ಟರಲ್ಲಿ ಸಿಲಬಸ್ಸು ಬದಲಾಗಿ ಯುನಿಕ್ಸ್ ಲ್ಯಾಬ್ ಅಂತ ಬಂತು, ಯುನಿಕ್ಸ್ ಅಂದ್ರೆ ಲಿನಕ್ಸಿನ ಅಣ್ಣ ಇದ್ದ ಹಾಗೆ. ಕಾಲೇಜಿನವರು ಎಲ್ಲೋ ಹರಾಜಿನಲ್ಲಿ ಒಂದು ಹಳೇ ಸರ್ವರ್, ಅದಕ್ಕೆ ಕಟ್ಟಿದ, ಬರೀ ಪರದೆ ಕೀಬೋರ್ಡು ಇರೋ ಒಂದು ಸಾಲು ಟರ್ಮಿನಲ್ಲು ತಂದು ಒಂದು ರೂಮಿಗೆ ತುಂಬಿಸಿ ಬೀಗ ಹಾಕಿದರು. ಲೆಕ್ಚರರುಗಳು ಪಾಠ ಮಾಡೋಕೆ ತಯಾರು, ಮೆಷಿನ್ ಮುಟ್ಟೋಕೆ ಒಬ್ಬರೂ ತಯಾರಿಲ್ಲ. ನಾನು ಹೋಗಿ, “ಸಾರ್, ನನಗೆ ಇದು ಬರುತ್ತೆ,” ಅಂದೆ. ಪ್ರಿನ್ಸಿಪಾಲರು ಕನ್ನಡಕದ ಮೇಲಿಂದ ನೋಡಿದರು. ಆವತ್ತೇ ಬೀಗದ ಕೈ ನನ್ನ ಕೈಗೆ ಬಂತು.

ಆ ಬೀಗದ ಕೈ ನನ್ನ ಸೆರಗಿನ ಗಂಟಲ್ಲಿ ವರ್ಷಗಟ್ಟಲೆ ಇತ್ತು. ಲ್ಯಾಬ್ ತೆಗೆಯೋಳು ನಾನು, ಮುಚ್ಚೋಳು ನಾನು. ಹುಡುಗರಿಗೆಲ್ಲ ಮೆಷಿನ್ನಿನೊಳಗೆ ಹೋಗೋಕೆ ಒಂದೊಂದು ಲಾಗಿನ್ ಹೆಸರು ಮಾಡಿಕೊಟ್ಟೆ. ನನ್ನದಕ್ಕೆ ‘ಕುರಿ’ ಅಂತ ಇಟ್ಟುಕೊಂಡೆ, ನಮ್ಮಪ್ಪನ ಹಟ್ಟಿ ನೆನಪಿಗೆ. ಲೆಕ್ಚರರುಗಳು ನಕ್ಕರು, ನಕ್ಕೊಳ್ಳಲಿ ಅಂದೆ.

ಆ ಸರ್ವರಿಗೆ ಒಂದು ರೋಗ ಇತ್ತು. ಒಳಗಡೆ ಗಡಿಯಾರದ ಬ್ಯಾಟರಿ ಸತ್ತುಹೋಗಿತ್ತು, ಅದನ್ನ ಬೋರ್ಡಿಗೇ ಬೆಸುಗೆ ಹಾಕಿದ್ದರಿಂದ ಕೀಳೋ ಹಾಗೂ ಇರಲಿಲ್ಲ. ಕರೆಂಟ್ ಹೋಗಿ ಬಂದ ಕೂಡಲೇ ಮೆಷಿನ್ ಯಾವುದೋ ಹಳೇ ವರ್ಷಕ್ಕೆ ಹೋಗಿ ಕೂತುಬಿಡೋದು. ನಮ್ಮೂರ ಕರೆಂಟು ನಿಮಗೆ ಗೊತ್ತೇ ಇದೆ. ಮೊದಮೊದಲು ನಾನೂ ತಲೆ ಕೆಡಿಸಿಕೊಳ್ಳಲಿಲ್ಲ, ತಾರೀಕು ತಪ್ಪಾದ್ರೆ ಏನಂತೆ ಅಂತ. ಆಮೇಲೆ ನೋಡ್ರಿ, ಹುಡುಗರು ಪ್ರೋಗ್ರಾಂ ತಿದ್ದಿ ತಿದ್ದಿ ಓಡಿಸ್ತಾರೆ, ಮೆಷಿನ್ನು ಮಾತ್ರ ನಿನ್ನೆಯ ತಪ್ಪು ಉತ್ತರವನ್ನೇ ಕೊಡ್ತಿದೆ. ಒಬ್ಬಳು ಅಳೋಕೇ ಶುರು ಮಾಡಿದಳು. ನಾನು ಊಟ ಬಿಟ್ಟು ಹುಡುಕಿದೆ. ಆಗ ಹೊಳೀತು. ಇವತ್ತು ತಿದ್ದಿದ ಫೈಲಿಗೆ ಮೆಷಿನ್ನು ಹಳೇ ವರ್ಷದ ತಾರೀಕು ಹಾಕಿದೆ. ಹಾಗಾಗಿ ನಿನ್ನೆಯದೇ ಹೊಸದು ಅಂದುಕೊಂಡು ಅದನ್ನೇ ಓಡಿಸ್ತಿದೆ. ಪಾಪ, ಅದರ ತಪ್ಪೇನು? ಅದಕ್ಕೆ ಇವತ್ತು ಯಾವ ದಿನ ಅಂತ ಹೇಳೋರು ಯಾರೂ ಇರಲಿಲ್ಲ.

ಆವತ್ತಿನಿಂದ ಬೆಳಿಗ್ಗೆ ಲ್ಯಾಬ್ ತೆಗೆದ ತಕ್ಷಣ ನನ್ನ ಮೊದಲ ಕೆಲಸ ತಾರೀಕು, ಗಂಟೆ ಸರಿ ಮಾಡೋದು. ಕೈಗಡಿಯಾರ ನೋಡಿ ಹಾಕ್ತಿದ್ದೆ. ಆ ಗಡಿಯಾರವನ್ನ ನನ್ನ ಗಂಡ ಸ್ಟೇಷನ್ ಗಡಿಯಾರಕ್ಕೆ ಹೊಂದಿಸಿ ಕೊಡ್ತಿದ್ದ. ಅಂದ್ರೆ ಚಿತ್ರದುರ್ಗದ ಆ ಲ್ಯಾಬು ಚಿಕ್ಕಜಾಜೂರಿನ ರೈಲ್ವೆ ಟೈಮಿಗೆ ನಡೀತಿತ್ತು. ಈ ಸಂಗತಿ ನನಗೂ ನನ್ನ ಗಂಡನಿಗೂ ಬಿಟ್ಟು ಬೇರೆ ಯಾರಿಗೂ ಗೊತ್ತಿರಲಿಲ್ಲ. ನನಗೆ ಅದರಲ್ಲಿ ಎಷ್ಟು ಹೆಮ್ಮೆ ಅಂದ್ರೆ, ನಗಬೇಡ್ರಿ, ಬಸ್ಸಿನಲ್ಲಿ ಒಬ್ಬಳೇ ಕೂತು ಮುಸಿಮುಸಿ ನಗ್ತಿದ್ದೆ.

ಒಂದು ವರ್ಷ ಪ್ರಿನ್ಸಿಪಾಲರು ಕರೆದರು. ಲ್ಯಾಬ್ ಇನ್‌ಸ್ಟ್ರಕ್ಟರ್ ಪೋಸ್ಟು ಪರ್ಮನೆಂಟ್ ಆಗ್ತಿದೆ ಅಂದರು. ಟೆಂಪರರಿ ಅಂದ್ರೆ ಏನು ಅಂತ ಅನುಭವಿಸಿದವರಿಗೇ ಗೊತ್ತು. ಪ್ರತಿ ಬೇಸಿಗೆ ರಜಕ್ಕೆ ಬೀಗದ ಕೈ ಬಿಚ್ಚಿ ಮೇಜಿನ ಮೇಲಿಟ್ಟು ಬರಬೇಕು, ಜೂನ್‌ನಲ್ಲಿ ಮತ್ತೆ ಕರೀತಾರೋ ಇಲ್ಲವೋ ಅಂತ ಫೋನಿನ ಮುಂದೆ ಕೂರಬೇಕು.

“ಒಂದೇ ತೊಡಕು ಅಮ್ಮಾ,” ಅಂದರು. “ಕಮಿಟಿಯೋರು ಸರ್ಟಿಫಿಕೇಟ್ ಕೇಳ್ತಾರೆ. ಲಿನಕ್ಸ್‌ದು. ಮಾನ್ಯತೆ ಇರೋ ಕಡೆಯಿಂದ ಆಗಿರಬೇಕು.”

“ಸಾರ್, ಇಷ್ಟು ವರ್ಷ ಲ್ಯಾಬ್ ನಡೆಸಿದ್ದೀನಲ್ಲ?”

“ನಂಗೊತ್ತೈತೆ ತಾಯಿ. ಆದ್ರೆ ಅದನ್ನ ಫೈಲಿಗೆ ಪಿನ್ ಹೊಡೆಯಾಕೆ ಬರಲ್ವಲ್ಲ.”

ಮನುಷ್ಯ ಒಳ್ಳೆಯವರು, ಇದ್ದದ್ದನ್ನ ಇದ್ದ ಹಾಗೆ ಹೇಳಿದರು. ಸರಿ ಅಂತ ಒಪ್ಪಿದೆ. ಇಷ್ಟು ವರ್ಷ ಮಾಡಿದ ಕೆಲಸಕ್ಕೆ ಪರೀಕ್ಷೆ ಬರೆಯೋದು ಯಾವ ಮಹಾ ಅಂದುಕೊಂಡೆ.

ಆ ಕೋರ್ಸು ನಡೀತಿದ್ದದ್ದು ಹಿರಿಯೂರಿನಲ್ಲಿ, ಭಾನುವಾರ ಭಾನುವಾರ. ಹೊಳಲ್ಕೆರೆಯಿಂದ ದುರ್ಗ, ದುರ್ಗದಿಂದ ಹಿರಿಯೂರು, ಎರಡು ಬಸ್ಸು. ಗೊಬ್ಬರದ ಅಂಗಡಿ ಮೇಲಿನ ಮಹಡಿ. ಮೆಟ್ಟಿಲು ಹತ್ತುವಾಗಲೇ ಯೂರಿಯಾ ವಾಸನೆ. ಒಳಗೆ ಒಂದು ಸಾಲು ಕಂಪ್ಯೂಟರ್ ಇದ್ದವು, ಎಲ್ಲ ಹೊಸವು, ಮೇಲೆ ಕಸೂತಿ ಹಾಕಿದ ಬಟ್ಟೆ ಹೊದಿಸಿದ್ದರು. ನನಗೆ ಖುಷಿಯಾಯ್ತು. ಬಟ್ಟೆ ತೆಗೆದು ಒಂದನ್ನ ಹಚ್ಚಿದೆ. ವಿಂಡೋಸ್ ಬಂತು. ಪಕ್ಕದ್ದು ಹಚ್ಚಿದೆ, ಅದರಲ್ಲೂ ಅದೇ.

ಪಾಠ ಹೇಳೋ ಸಾರು ಬಂದರು. ನನಗಿಂತ ತುಂಬ ಚಿಕ್ಕವರು, ಇನ್ ಮಾಡಿದ ಅಂಗಿ, ಜೇಬಿನಲ್ಲಿ ಎರಡು ಬಣ್ಣದ ಪೆನ್ನು.

“ಸಾರ್, ಲಿನಕ್ಸ್ ಯಾವುದರಲ್ಲಿ ಐತೆ?”

“ಹಾಕಿಲ್ಲ ಮೇಡಂ. ಟ್ಯಾಲಿ ಬ್ಯಾಚಿನೋರಿಗೆ ತೊಂದರೆ ಆಗುತ್ತೆ. ಎಲ್ಲ ಗೈಡಿನಲ್ಲಿದೆ, ಕುಂತ್ಕಳ್ರಿ.”

“ನಾನು ಹಾಕಿಕೊಡ್ಲಾ? ಎರಡೂ ಇರೋ ಹಂಗೆ ಹಾಕಬಹುದು.”

“ಬ್ಯಾಡ ಬ್ಯಾಡ, ಮುಟ್ಟಬ್ಯಾಡ್ರಿ,” ಅಂತ ಅವರು ಹೌಹಾರಿದರು. ನಾನು ಕೈ ಹಿಂದಕ್ಕೆ ತಗೊಂಡೆ.

ಈಜು ಕಲಿಸ್ತೀನಿ ಅಂತ ಕರೆದು ಬಾವಿಯ ಚಿತ್ರ ತೋರಿಸಿದ ಹಾಗಾಯ್ತು. ಎಲ್ಲರೂ ಸಾಲಾಗಿ ಕೂತು ಆಪರೇಟಿಂಗ್ ಸಿಸ್ಟಂ ಅಂದ್ರೇನು ಅನ್ನೋದನ್ನ ಬಾಯಿಪಾಠ ಒಪ್ಪಿಸ್ತಿದ್ದರು. ನನ್ನ ಸರದಿ ಬಂದಾಗ ನಾನು ತಬ್ಬಿಬ್ಬಾದೆ. ಅಲ್ಲ, ಜೊತೆಗೇ ಸಂಸಾರ ಮಾಡಿದೋಳಿಗೆ ಗಂಡ ಅಂದ್ರೇನು ಅಂತ ವ್ಯಾಖ್ಯಾನ ಕೇಳಿದರೆ ಏನು ಹೇಳ್ತಾಳೆ? ಹುಡುಗರು ಕಿಸಕ್ಕನೆ ನಕ್ಕರು. ಮೇಜಿನ ಮೇಲೆ ಬೆರಳು ಆಡಿಸಿ ಆಡಿಸಿ ನೆನಪು ಮಾಡಿಕೊಳ್ತಿದ್ದೆ. ಪಕ್ಕದವಳು, “ಆಂಟಿ, ತಾಳ ಹಾಕ್ತಿದೀರಾ?” ಅಂದಳು. ಮೈ ಉರಿದುಹೋಯ್ತು.

ಗೈಡಿನಿಂದ ಏನೂ ಸಿಗಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತೆ. ಅರ್ಧದಲ್ಲಿ ಸಿಕ್ಕಿಕೊಂಡು ನಿಂತ ಪ್ರೋಗ್ರಾಮನ್ನ ನಾನು ಯಾವಾಗಲೂ ಒಂದೇ ಏಟಿಗೆ ಕೊಂದು ಬಿಸಾಕ್ತಿದ್ದೆ, ನನಗೆ ಗೊತ್ತಿದ್ದದ್ದು ಅದೊಂದೇ. ಮೊದಲು ಮೆತ್ತಗೆ ಹೇಳೋ ದಾರಿಯೂ ಇದೆ, ಹಾಗೆ ಹೇಳಿದರೆ ಅದು ತನ್ನ ಕೆಲಸ ಉಳಿಸಿಟ್ಟು ತಾನೇ ಹೋಗುತ್ತೆ ಅಂತ ಗೈಡ್ ಓದಿ ಗೊತ್ತಾಯ್ತು. ನಮ್ಮಪ್ಪ ಕುರಿ ಅಡ್ಡ ಹೋದಾಗ ಮೊದಲು ಬಾಯಲ್ಲಿ ಹೇಳ್ತಿದ್ದ, ಕೋಲು ಎತ್ತೋದು ಆಮೇಲೆ. ಇದನ್ನ ಮೊದಲೇ ಓದಿದ್ದರೆ ಎಷ್ಟು ಹುಡುಗರ ಪ್ರೋಗ್ರಾಂ ಉಳೀತಿತ್ತೋ ಅಂತ ನಿಜವಾಗ್ಲೂ ಬೇಜಾರಾಯ್ತು. ಆದರೆ ಅಷ್ಟೇ. ಒಂದು ಒಳ್ಳೇ ಮಾತಿಗೆ ಅಷ್ಟು ಭಾನುವಾರ ಹೋದವು.

ಅಲ್ಲಿನ ಪ್ರಾಕ್ಟಿಕಲ್ ಅಂದ್ರೆ ರೆಕಾರ್ಡ್ ಬರೆಯೋದು. ನಮ್ಮ ಕಡೆ ಓದಿದವರಿಗೆಲ್ಲ ಗೊತ್ತಿರುತ್ತೆ: ಬಲಗಡೆ ಗೆರೆ ಇರೋ ಪುಟದಲ್ಲಿ ಕಮಾಂಡು, ಎಡಗಡೆ ಖಾಲಿ ಪುಟದಲ್ಲಿ ಸ್ಕೇಲು ಇಟ್ಟು ಪೆನ್ಸಿಲ್ಲಿನಲ್ಲಿ ಒಂದು ಚೌಕ. ಚೌಕ ಅಂದ್ರೆ ಕಂಪ್ಯೂಟರ್ ಪರದೆ. ಅದರೊಳಗೆ ಉತ್ತರ ಬರೀಬೇಕು. ಮೆಷಿನ್ನು ಹೇಳಬೇಕಾದ್ದನ್ನ ನಾವೇ ಬರೆದು, ಮೆಷಿನ್ನು ಹೇಳ್ತು ಅಂತ ಸಹಿ ಹಾಕಿಸಿಕೊಳ್ಳೋದು. ರೆಕಾರ್ಡಿಗೆ ಸಾರು ಸಹಿ ಹಾಕಿದರೆ ಹಾಲ್ ಟಿಕೆಟ್ಟು, ಇಲ್ಲಾಂದ್ರೆ ಪರೀಕ್ಷೆ ಇಲ್ಲ.

ಮೊದಲ ಪಾಠವೇ ಡೇಟ್. ನಾನು ಶನಿವಾರ ಲ್ಯಾಬಿನಲ್ಲಿ ಕೂತು ಎಲ್ಲ ಕಮಾಂಡನ್ನೂ ನಿಜವಾಗಿ ಹೊಡೆದು, ಬಂದದ್ದನ್ನ ನೋಡಿಕೊಂಡು ರೆಕಾರ್ಡ್ ಬರೆದೆ. ಡೇಟಿನ ಚೌಕದಲ್ಲಿ ಆವತ್ತಿನ ತಾರೀಕು ಇತ್ತು. ಸಾರು ಕೆಂಪು ಪೆನ್ನಿನಲ್ಲಿ ಅದನ್ನ ಅಡ್ಡಗೆರೆ ಎಳೆದು ಹೊಡೆದುಹಾಕಿದರು.

“ಹೆಂಗೆ ತಪ್ಪು ಸಾರ್?”

“ಗೈಡಿನಲ್ಲಿ ಬೇರೆ ಇದೆ ನೋಡ್ರಿ.”

ನೋಡಿದೆ. ಗೈಡಿನಲ್ಲಿ ಯಾವುದೋ ಹಳೇ ವರ್ಷದ ಒಂದು ಸೋಮವಾರ ಅಚ್ಚಾಗಿತ್ತು. ಅಕ್ಕಪಕ್ಕದವರ ರೆಕಾರ್ಡ್ ಇಸ್ಕೊಂಡು ನೋಡಿದೆ. ಎಲ್ಲರ ಚೌಕದಲ್ಲೂ ಅದೇ ಸೋಮವಾರ, ಅದೇ ಗಂಟೆ, ಅದೇ ಸೆಕೆಂಡು. ಒಬ್ಬರಾದರೂ ಒಂದು ಸೆಕೆಂಡ್ ಹಿಂದೆ ಮುಂದೆ ಇಲ್ಲ.

“ಸಾರ್, ಡೇಟ್ ಅಂದ್ರೆ ಇವತ್ತಿನ ತಾರೀಕು ಅಲ್ವಾ? ಗೈಡ್ ಬರೆದೋರು ಆವತ್ತು ಹೊಡೆದ್ರು, ಅವರಿಗೆ ಅದು ಬಂತು. ನಾನು ಶನಿವಾರ ಹೊಡೆದೆ, ನನಗೆ ಇದು ಬಂತು.”

“ಮೇಡಂ, ಹೊರಗಿಂದ ಬರೋ ಎಕ್ಸಾಮಿನರು ಗೈಡ್ ಇಟ್ಕೊಂಡೇ ಕೂರ್ತಾರೆ. ತಾಳೆ ಆಗ್ಲಿಲ್ಲ ಅಂದ್ರೆ ನನ್ನನ್ನ ಕೇಳ್ತಾರೆ. ಒಂದು ಚೌಕ ತಾನೆ, ಬದಲಾಯಿಸ್ಕೊಂಡು ಬರ್ರಿ.”

ಅವರ ದನಿಯಲ್ಲಿ ಜೋರು ಇರಲಿಲ್ಲ, ಭಯ ಇತ್ತು. ಅವರೂ ಅದೇ ಮಹಡಿಯಲ್ಲಿ ಅದೇ ಸೋಮವಾರ ಬರೆದು ಪಾಸಾದವರು. ಅದು ನನಗೆ ಆಮೇಲೆ ತಿಳೀತು. ಆಗ ಮಾತ್ರ ಪಿತ್ತ ನೆತ್ತಿಗೇರಿತ್ತು.

ಸೋಮವಾರ ಲ್ಯಾಬಿಗೆ ಹೋದವಳೇ ಒಂದು ಕೆಲಸ ಮಾಡಿದೆ. ಯಾವ ವರ್ಷದ ಕ್ಯಾಲೆಂಡರ್ ಬೇಕಾದರೂ ತೋರಿಸೋ ಕಮಾಂಡ್ ಒಂದಿದೆ. ಗೈಡಿನ ಆ ತಿಂಗಳು, ಆ ವರ್ಷ ಹಾಕಿ ಹೊಡೆದೆ. ಅಯ್ಯೋ ಶಿವನೇ, ಆ ತಾರೀಕು ಸೋಮವಾರವೇ ಅಲ್ಲ, ಗುರುವಾರ! ಅಂದ್ರೆ ಆ ಉತ್ತರವನ್ನ ಯಾವ ಮೆಷಿನ್ನೂ ಯಾವತ್ತೂ ಕೊಟ್ಟಿಲ್ಲ. ಯಾರೋ ಪುಣ್ಯಾತ್ಮ ಕೂತಲ್ಲೇ ಮನಸ್ಸಿಗೆ ಬಂದ ವಾರ, ತಾರೀಕು ಬರೆದು ಅಚ್ಚಿಗೆ ಕಳಿಸಿದ್ದಾನೆ. ಊರೂರಿನ ಮಕ್ಕಳು ಸ್ಕೇಲ್ ಇಟ್ಟು ಚೌಕ ಹಾಕಿ ಅದನ್ನ ಇಳಿಸಿಕೊಳ್ತಿದ್ದಾರೆ. ನಾನು ಒಬ್ಬಳೇ ಲ್ಯಾಬಿನಲ್ಲಿ ಜೋರಾಗಿ ನಕ್ಕೆ. ಆಮೇಲೆ ಅಳು ಬಂತು.

ಮನೆಯಲ್ಲಿ ಗಂಡನಿಗೆ ಹೇಳಿದೆ. ಅವನು ತಟ್ಟೆಯಿಂದ ತಲೆ ಎತ್ತದೆ, “ಬರೆದು ಬಿಸಾಕೇ ಅತ್ಲಾಗೆ. ಒಂದು ತಾರೀಕಿಗೆ ಇಷ್ಟು ರಂಪ ಯಾಕೆ?” ಅಂದ.

“ನಿಮ್ಮ ಸ್ಟೇಷನ್ನಾಗೆ ಬರದೇ ಇರೋ ಗಾಡಿನ ಬಂತು ಅಂತ ಬರೀತೀರಾ?”

ಅವನು ಕೈಲಿದ್ದ ತುತ್ತನ್ನ ತಟ್ಟೆಗೆ ಇಳಿಸಿದ. ಮೆಲ್ಲಗೆ, “ಬರೆಯಲ್ಲ. ಆದ್ರೆ ನಿನಗೆ ಆ ಕೆಲಸ ಬೇಕಲ್ಲೇ,” ಅಂದ.

ಬೇಕಿತ್ತು. ಎಷ್ಟು ಬೇಕಿತ್ತು ಅಂದ್ರೆ, ಮುಂದಿನ ಭಾನುವಾರ ಬರೆದೇಬಿಡೋದು ಅಂತ ತೀರ್ಮಾನ ಮಾಡಿ ಬಸ್ ಹತ್ತಿದೆ. ದಾರಿಯುದ್ದಕ್ಕೂ ನನಗೆ ನಾನೇ ಬುದ್ಧಿ ಹೇಳಿಕೊಂಡೆ. ಒಂದು ಚೌಕ, ಒಂದು ಸಾಲು, ಯಾರು ಸಾಯ್ತಾರೆ? ಪ್ರಿನ್ಸಿಪಾಲರೂ ಅದನ್ನೇ ಹೇಳಿದ್ದರು: “ಕಣ್ಣು ಮುಚ್ಚಿ ಬರೆದುಬಿಡಮ್ಮಾ, ಆಮೇಲೆ ಲ್ಯಾಬು ನಿನ್ನದೇ.” ಹಿರಿಯೂರು ಸ್ಟ್ಯಾಂಡಿನಲ್ಲಿ ಇಳಿದು ಟೀ ಕುಡಿದೆ. ಮಹಡಿ ಹತ್ತಿದೆ. ಚೌಕ ಹಾಕಿದೆ. ಪೆನ್ನು ತೆಗೆದೆ.

ಕೈ ಏಳಲಿಲ್ಲ. ಸತ್ಯಹರಿಶ್ಚಂದ್ರನ ಮಗಳು ಅಂತ ಅಲ್ಲ, ಸುಳ್ಳು ಬೇಕಾದಷ್ಟು ಹೇಳಿದ್ದೀನಿ. ರಜ ಬೇಕು ಅಂತ ಇಲ್ಲದ ಅತ್ತೆಗೆ ಜ್ವರ ಬರಿಸಿದ್ದೀನಿ. ಆದರೆ ದಿನಾ ಬೆಳಿಗ್ಗೆ ಆ ಮೆಷಿನ್ನಿಗೆ ಇವತ್ತು ಯಾವ ದಿನ ಅಂತ ಹೇಳಿಕೊಟ್ಟು ಹೇಳಿಕೊಟ್ಟು ಇದೊಂದರಲ್ಲಿ ಮಾತ್ರ ನನಗೆ ಸುಳ್ಳು ಬರಲಿಲ್ಲ. ಚೌಕದೊಳಗೆ ಮತ್ತೆ ಶನಿವಾರದ ತಾರೀಕನ್ನೇ ಬರೆದೆ. ಕೆಳಗೆ, ಗೈಡಿನ ಸೋಮವಾರ ಸೋಮವಾರ ಅಲ್ಲ, ಗುರುವಾರ ಅಂತಲೂ ಬರೆದು ಸಾರಿನ ಮುಂದೆ ಇಟ್ಟೆ.

ಅವರು ಓದಿದರು. ಕಿವಿ ಕೆಂಪಗಾಯ್ತು.

“ಇದು ನಿಮಗೆ ಬಿಟ್ಟು ಯಾರಿಗೂ ಕಂಡಿಲ್ಲ ಮೇಡಂ,” ಅಂದರು.

“ಈಗ ನಿಮಗೂ ಕಾಣ್ತಲ್ಲ ಸಾರ್. ಸೈನ್ ಹಾಕ್ರಿ.”

ಅವರು ಪೆನ್ನಿನ ಕ್ಯಾಪ್ ಹಾಕಿ ಜೇಬಿಗೆ ಸಿಕ್ಕಿಸಿಕೊಂಡರು. ರೆಕಾರ್ಡನ್ನ ಮುಚ್ಚಿ ಮೆಲ್ಲಗೆ ನನ್ನ ಕಡೆ ತಳ್ಳಿದರು. ಅಷ್ಟೂ ಹೊತ್ತು ಗೊಬ್ಬರದ ಅಂಗಡಿಯಲ್ಲಿ ಮೂಟೆ ಇಳಿಸೋರ ಕೂಗು ಕೇಳ್ತಿತ್ತು. ನನಗೆ ಹಾಲ್ ಟಿಕೆಟ್ ಬರಲಿಲ್ಲ.

ಪೋಸ್ಟು ಬೇರೆಯವಳಿಗೆ ಹೋಯ್ತು, ನನ್ನ ಟೆಂಪರರಿ ಕೆಲಸವೂ ಅಲ್ಲಿಗೆ ಮುಗೀತು. ಅವಳು ನನ್ನ ಲ್ಯಾಬಿನಲ್ಲೇ ಕಲಿತ ಹುಡುಗಿ. ತಾರೀಕು ತಪ್ಪಿ ಪ್ರೋಗ್ರಾಂ ಕೈಕೊಟ್ಟಾಗ ಅತ್ತಿದ್ದಳು ಅಂದೆನಲ್ಲ, ಅವಳೇ. ಜಾಣೆ. ನಾನು ಹೇಗೆ ಅಂತ ಹೇಳಿದರೆ ಅವಳು ಯಾಕೆ ಅಂತ ಕೇಳೋಳು, ಎಷ್ಟೋ ಸಲ ನನ್ನ ಹತ್ತಿರ ಉತ್ತರ ಇರ್ತಿರಲಿಲ್ಲ. ಅವಳೂ ಹಿರಿಯೂರಿನ ಆ ಮಹಡಿ ಹತ್ತಿ, ದುಂಡಗಿನ ಅಕ್ಷರದಲ್ಲಿ ಆ ಸೋಮವಾರ ಬರೆದು, ಸರ್ಟಿಫಿಕೇಟ್ ತಂದಿದ್ದಳು. ಅವಳ ಮೇಲೆ ನನಗೆ ಹೊಟ್ಟೆಕಿಚ್ಚು ಬಂತು. ಬರಲಿಲ್ಲ ಅಂದ್ರೆ ಯಾರು ನಂಬ್ತಾರೆ?

ಕೊನೇ ದಿನ, ಮಾರ್ಚ್ ತಿಂಗಳ ಒಂದು ಶುಕ್ರವಾರ, ಅವಳು ಬೀಗದ ಕೈ ತಗೊಳ್ಳೋಕೆ ಬಂದಳು. ಬಾಗಿಲಲ್ಲೇ ನಿಂತು, “ಮಿಸ್, ನಾನು ಬ್ಯಾಡ ಅಂತ ಹೇಳಿಬಿಡ್ಲಾ?” ಅಂದಳು. ಕಣ್ಣು ತುಂಬಿದ್ದವು.

“ಹುಚ್ಚಿ, ನೀನು ಬ್ಯಾಡ ಅಂದ್ರೆ ಇನ್ಯಾರೋ ಬರ್ತಾರೆ. ಬಾ ಇಲ್ಲಿ, ಕುಂತ್ಕ.”

ಮಧ್ಯಾಹ್ನದವರೆಗೂ ಎಲ್ಲ ತೋರಿಸಿದೆ. ಯಾವ ಟರ್ಮಿನಲ್ಲಿನ ವೈರು ಸಡಿಲ, ಯಾವುದಕ್ಕೆ ಮೇಲೆ ಕುಟ್ಟಬೇಕು, ಎಲ್ಲ. ಕೊನೆಗೆ ಕೈಗಡಿಯಾರ ನೋಡಿ ತಾರೀಕು ಸರಿ ಮಾಡಿದೆ. ಆಮೇಲೆ ಸಿಲಬಸ್ಸಿನ ಅಷ್ಟೂ ಕಮಾಂಡುಗಳನ್ನ ಒಂದೊಂದಾಗಿ ಹೊಡೆದು, ಬಂದ ಉತ್ತರಗಳನ್ನ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನಲ್ಲಿ ಕರ್ರಕರ್ರ ಅನ್ನಿಸಿ ತೆಗೆದೆ. ಎರಡೂ ಅಂಚಿಗೆ ತೂತಿದ್ದ ಆ ಉದ್ದದ ಕಾಗದ ಹರಿದು ಅವಳ ಕೈಗೆ ಕೊಟ್ಟೆ.

“ಇದು ನಿಜವಾಗ್ಲೂ ಮೆಷಿನ್ನು ಕೊಟ್ಟಿದ್ದು. ಹುಡುಗರಿಗೆ ಇದನ್ನ ತೋರಿಸು. ಆ ದರಿದ್ರ ಗೈಡನ್ನ ಈ ರೂಮಿನೊಳಗೆ ತರಬ್ಯಾಡ. ದಿನಾ ಬೆಳಿಗ್ಗೆ ತಾರೀಕು ಸರಿ ಮಾಡೋದು ಮರೀಬ್ಯಾಡ.”

“ಇಲ್ಲ ಮಿಸ್,” ಅಂದಳು. ಸೆರಗಿನ ಗಂಟು ಬಿಚ್ಚಿ ಬೀಗದ ಕೈ ಕೊಟ್ಟೆ. ಬಸ್ಸಿನಲ್ಲಿ ಕೂತ ಮೇಲೂ ಕೈ ಸೆರಗಿನ ತುದಿಗೇ ಹೋಗ್ತಿತ್ತು.

ಆಮೇಲೆ ಹೊಳಲ್ಕೆರೆ ಬಸ್ ಸ್ಟ್ಯಾಂಡ್ ಹತ್ತಿರ ಒಂದು ಮಳಿಗೆ ಹಿಡಿದು ಟೈಪಿಂಗು, ಜೆರಾಕ್ಸು ಇಟ್ಟುಕೊಂಡೆ. ನನ್ನ ಮೆಷಿನ್ನಿಗೆ ಲಿನಕ್ಸೇ ಹಾಕಿದ್ದೆ. ಅರ್ಜಿ ಹೊಡೆಸೋಕೆ ಬಂದವರಿಗೆ ಅದು ಯಾವುದಾದರೇನು? ಸಿಟ್ಟು ಸ್ವಲ್ಪ ಸ್ವಲ್ಪವೇ ಕೆಳಗೆ ಕೂತಿತು. ನಾನಿಲ್ಲದಿದ್ದರೂ ಆ ರೂಮಿನಲ್ಲಿ ನಿಜವಾದ ತಾರೀಕು ಇದೆಯಲ್ಲ ಅಂತ ಒಂದು ಸಮಾಧಾನ ಇತ್ತು. ಕಾಲೇಜಿನ ಮುಂದೆ ಬಸ್ಸು ಹೋಗುವಾಗ ತಲೆ ತಿರುಗಿಸಿ ಆ ಕಿಟಕಿ ಹುಡುಕ್ತಿದ್ದೆ.

ಕೆಲವು ವರ್ಷ ಕಳೆದ ಮೇಲೆ ಪಕ್ಕದ ಮನೆ ಹುಡುಗಿ ಅದೇ ಕಾಲೇಜಿಗೆ ಸೇರಿದಳು. ಒಂದು ಸಂಜೆ ಮನೆಯಲ್ಲಿ ಕರೆಂಟಿಲ್ಲ ಅಂತ ರೆಕಾರ್ಡ್, ಸ್ಕೇಲು, ಪೆನ್ಸಿಲ್ ಹಿಡಿದು ನನ್ನ ಅಂಗಡಿಗೆ ಬಂದಳು. ನನ್ನಲ್ಲಿ ಯು.ಪಿ.ಎಸ್. ಇತ್ತು. “ಆಂಟಿ, ನಾಳೆ ಸಬ್‌ಮಿಷನ್ನು, ಇಲ್ಲೇ ಕೂತು ಬರಕಳ್ಲಾ?” ಅಂದಳು. ಬರಿಯವ್ವಾ ಅಂದೆ. ಅರ್ಜಿ ಒಂದನ್ನ ಮುಗಿಸಿ, ಏನು ಬರೀತಿದ್ದಾಳೆ ಅಂತ ಬಗ್ಗಿ ನೋಡಿದೆ.

ಎಡಗಡೆ ಪುಟದಲ್ಲಿ ಪೆನ್ಸಿಲ್ ಚೌಕ. ಚೌಕದೊಳಗೆ ಒಂದು ಶುಕ್ರವಾರ. ಮಾರ್ಚ್ ತಿಂಗಳು. ಮಧ್ಯಾಹ್ನ. ನಾನು ಬಿಟ್ಟುಬಂದ ವರ್ಷ. ಅದರ ಕೆಳಗಿನ ಚೌಕ, ಮೆಷಿನ್ನಿನೊಳಗೆ ಯಾರ್ಯಾರಿದ್ದಾರೆ ಅಂತ ಹೇಳೋ ಕಮಾಂಡಿನದು. ಅದರಲ್ಲಿ ಒಂದೇ ಹೆಸರು ಇತ್ತು: ಕುರಿ.

“ಇದನ್ನ ಎಲ್ಲಿಂದ ಬರೀತಿದೀಯ?” ಅಂದೆ. ಅವಳು ಒಂದು ಕಾಗದ ತೋರಿಸಿದಳು. ಜೆರಾಕ್ಸಿನ ಜೆರಾಕ್ಸು, ಅಕ್ಷರ ಎಲ್ಲ ಮಸುಕು. ಪಕ್ಕದಲ್ಲಿ ಆ ಉದ್ದದ ಕಾಗದದ ತೂತುಗಳು ಕರಿ ಚುಕ್ಕೆಗಳಾಗಿ ಸಾಲಾಗಿ ಬಂದಿದ್ದವು.

“ನೀನೇ ಹೊಡೆದು ನೋಡಿಲ್ವಾ?”

“ಹೊಡೆದೆ ಆಂಟಿ. ಆ ಮೆಷಿನ್ನಾಗೆ ಯಾವುದೋ ಹಳೇ ಕಾಲದ ತಾರೀಕು ಬರ್ತೈತೆ. ಅದಕ್ಕೇ ಮಿಸ್ಸು ಎಲ್ಲ ಬ್ಯಾಚಿಗೂ ಈ ಶೀಟ್ ಕೊಡ್ತಾರೆ. ಇದೇ ಸರಿಯಾಗಿರೋದಂತೆ, ಬೇರೆ ಬರೆದ್ರೆ ಸೈನ್ ಹಾಕಲ್ಲ.”

ನನಗೆ ಕೂಗಬೇಕು ಅನ್ನಿಸ್ತು. ಬಸ್ ಹತ್ತಿ ಹೋಗಿ ಆ ಲ್ಯಾಬಿನ ಬಾಗಿಲು ಗುದ್ದಬೇಕು ಅನ್ನಿಸ್ತು. ಗೈಡನ್ನ ಒಳಗೆ ತರಬ್ಯಾಡ ಅಂದಿದ್ದೆ, ತರಲಿಲ್ಲ ಅವಳು, ಮಾತು ಉಳಿಸಿಕೊಂಡಿದ್ದಾಳೆ. ನಾನು ಸೋಮವಾರ ಬರೆಯಲ್ಲ ಅಂತ ಕೆಲಸ ಕಳಕೊಂಡೆ. ಈ ಮಕ್ಕಳು ನನ್ನ ಶುಕ್ರವಾರ ಬರೆದು ಪಾಸಾಗ್ತಿದ್ದಾರೆ.

ಹುಡುಗಿ ನನ್ನ ಮುಖ ನೋಡಿ ಪೆನ್ಸಿಲ್ ಕೆಳಗಿಟ್ಟಳು. “ಯಾಕಾಂಟಿ, ತಪ್ಪೈತಾ?”

ಬಾಯಿ ತೆಗೆದೆ. ನಾಳೆ ಸಬ್‌ಮಿಷನ್ನು. ಸಹಿ ಆಗದಿದ್ದರೆ ಪರೀಕ್ಷೆ ಇಲ್ಲ. ಆ ಮಹಡಿ, ಕೆಂಪಗಾದ ಆ ಸಾರಿನ ಕಿವಿ, ಜೇಬಿಗೆ ಹೋದ ಪೆನ್ನು, ಎಲ್ಲ ಕಣ್ಣ ಮುಂದೆ ಬಂತು.

“ಇಲ್ಲ ಕಣವ್ವಾ. ಸರಿಯಾಗೇ ಐತೆ. ಅದನ್ನೇ ಬರಿ.”

“ಈ ಕುರಿ ಅಂದ್ರೆ ಯಾರು ಆಂಟಿ?”

“ಯಾರೋ. ಮೊದಲಿದ್ದೋರು ಇರಬೇಕು.”

ಅವಳು ಇನ್ನೊಂದು ಚೌಕಕ್ಕೆ ಸ್ಕೇಲ್ ಇಟ್ಟಳು. ಅದು ಜಾರ್ತಿತ್ತು. ನಾನು ಬಗ್ಗಿ ಅದರ ಇನ್ನೊಂದು ತುದಿಯನ್ನ ಒತ್ತಿ ಹಿಡಿದೆ, ಅವಳು ಗೆರೆ ಎಳೆದಳು.